ಇನ್‌ಜಸ್ಟಿಸ್ 2 ಕಥೆ ಮುಗಿಸಬೇಕು, ಫೈಟಿಂಗ್ ಗೇಮ್ ಅಭ್ಯಾಸ ಇಲ್ಲ. ಆಡಿದವರು ಹೇಳ್ತೀರಾ?

ಕೇಳಿದ್ದು, ವಿಜಯನಗರದಿಂದ

ತಮ್ಮ ಕೆಲಸ ಸಿಕ್ಕಿ ಪುಣೆಗೆ ಹೋದ. ಅವನ ಪಿಎಸ್4 ಮತ್ತು ಒಂದೇ ಒಂದು ಡಿಸ್ಕ್ ನಮ್ಮ ಮನೆ ಸೇರಿವೆ. ಇನ್‌ಜಸ್ಟಿಸ್ 2. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಎಲ್ಲರೂ ಸೇರಿ ಹೊಡೆದಾಡುವ ಗೇಮ್. ಕಥೆ ಚೆನ್ನಾಗಿದೆ ಅಂತ ತಮ್ಮ ಹೇಳುತ್ತಾನೆ. ನಾನು ಫೈಟಿಂಗ್ ಗೇಮ್ ಆಡಿದ್ದು ಸ್ಕೂಲ್ ದಿನಗಳಲ್ಲಿ, ಅದೂ ಕೈಗೆ ಸಿಕ್ಕ ಬಟನ್ ಒತ್ತಿ. ಆಫೀಸಿಂದ ಬಂದು, ಅಡುಗೆ ಊಟ ಮುಗಿದ ಮೇಲೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಆನ್‌ಲೈನ್‌ನಲ್ಲಿ ಯಾರನ್ನೂ ಸೋಲಿಸುವ ಆಸೆ ಇಲ್ಲ. ಕಥೆ ಪೂರ್ತಿ ನೋಡಬೇಕು, ಅಷ್ಟೇ. ಕಾಂಬೋಗಳನ್ನೆಲ್ಲ, ಅಂದರೆ ಒಂದರ ಹಿಂದೊಂದು ಬಟನ್ ಒತ್ತಿ ಕೊಡುವ ಏಟಿನ ಸರಣಿಗಳನ್ನು, ಬಾಯಿಪಾಠ ಮಾಡಬೇಕಾ? ಮೊದಲ ಭಾಗ ಆಡದೆ ಅರ್ಥ ಆಗುತ್ತಾ? ಪಕ್ಕದಲ್ಲಿ ಒಂಬತ್ತು ವರ್ಷದ ಮಗ ಕೂತಿರುತ್ತಾನೆ, ಪರವಾಗಿಲ್ವಾ?

ಮಲ್ಲೇಶ್ವರದಿಂದ

ಅಕ್ಕ, ಸೆಟ್ಟಿಂಗ್ಸ್‌ಗೆ ಹೋಗಿ ಡಿಫಿಕಲ್ಟಿ ಕಡಿಮೆ ಮಾಡಿ. ಅರ್ಧ ತೊಂದರೆ ಅಲ್ಲೇ ಮುಗಿಯಿತು. ಈಸಿಯಲ್ಲಿ ಆಡಿದರೆ ಕಥೆಯಲ್ಲಿ ಒಂದು ಮಾತೂ ಕಡಿಮೆ ಆಗಲ್ಲ. ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ.

ಜೆ.ಪಿ. ನಗರದಿಂದ

ಮೇಡಂ, ನಾನೂ ನಿಮ್ಮ ಹಾಗೆ ರಾತ್ರಿ ಒಂದು ಗಂಟೆ ಆಡುವವನೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಥೆ. ಈ ಗೇಮ್ ಬಂದಿದ್ದು 2017ರ ಮೇ ತಿಂಗಳಲ್ಲಿ. ಮೊದಲ ಭಾಗ 2013ರದ್ದು. ಅದನ್ನು ಆಡಬೇಕಾಗಿಲ್ಲ, ಇಷ್ಟು ಗೊತ್ತಿದ್ದರೆ ಸಾಕು: ಜೋಕರ್ ಮಾಡಿದ ಮೋಸದಿಂದ ಸೂಪರ್‌ಮ್ಯಾನ್ ತನ್ನ ಕೈಯಾರೆ ಹೆಂಡತಿ ಲೋಯಿಸ್‌ಳನ್ನು ಕೊಲ್ಲುತ್ತಾನೆ. ಆಗ ಅವಳು ಗರ್ಭಿಣಿ. ಅದರ ಜೊತೆಗೇ ಮೆಟ್ರೊಪೊಲಿಸ್ ನಗರ ಅಣುಬಾಂಬಿಗೆ ಸುಟ್ಟು ಹೋಗುತ್ತದೆ. ಸಿಟ್ಟಿಗೆದ್ದ ಸೂಪರ್‌ಮ್ಯಾನ್ ಜೋಕರ್‌ನನ್ನು ಕೊಂದು, ಆಮೇಲೆ ಇಡೀ ಲೋಕವನ್ನೇ ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತಾನೆ. ಅಪರಾಧ ಇರಬಾರದು, ಎದುರು ಮಾತೂ ಇರಬಾರದು. ಬ್ಯಾಟ್‌ಮ್ಯಾನ್ ಅವನ ವಿರುದ್ಧ ನಿಂತು ಕೊನೆಗೆ ಜೈಲಿಗೆ ಹಾಕಿಸುತ್ತಾನೆ. ಎರಡನೆಯ ಭಾಗದಲ್ಲಿ ಬ್ರೇನಿಯಾಕ್ ಅನ್ನುವವನು ಭೂಮಿಗೆ ದಾಳಿ ಇಡುತ್ತಾನೆ. ಜೈಲಲ್ಲಿರುವವನನ್ನು ಬಿಡಿಸಿ ಸಹಾಯ ಕೇಳಬೇಕಾ ಬೇಡವಾ ಅನ್ನುವುದೇ ಜಗಳ. ಇಬ್ಬರ ಮಾತಲ್ಲೂ ನ್ಯಾಯ ಇದೆ ಅನ್ನಿಸುತ್ತದೆ, ಅದೇ ಇದರ ಮಜಾ.

ಮಾಡಿದವರು ಶಿಕಾಗೋದ ನೆದರ್‌ರೆಲ್ಮ್ ಸ್ಟುಡಿಯೋಸ್, ಮಾರ್ಟಲ್ ಕಾಂಬ್ಯಾಟ್ ಅನ್ನುವ ಫೈಟಿಂಗ್ ಗೇಮ್ ಮಾಡುವವರೇ. ಇವರ ಸ್ಟೋರಿ ಮೋಡ್ ನೋಡಲು ಸಿನಿಮಾ. ಇಬ್ಬರು ಮಾತಾಡುತ್ತಾ ನಿಂತಿರುತ್ತಾರೆ, ಜಗಳ ಹತ್ತಿಕೊಂಡ ಕೂಡಲೇ ಆಟ ನಿಮ್ಮ ಕೈಗೆ ಬರುತ್ತದೆ. ನಡುವೆ ಲೋಡಿಂಗ್ ಪರದೆ ಬಂದು ಮೂಡ್ ಕೆಡಿಸಲ್ಲ. ಒಟ್ಟು 12 ಅಧ್ಯಾಯ. ಒಂದೊಂದರಲ್ಲಿ ನಾಲ್ಕು ಹೊಡೆದಾಟದ ಆಸುಪಾಸು. ಎಲ್ಲ ಸೇರಿ ಐದಾರು ಗಂಟೆ, ನಿಧಾನಕ್ಕೆ ಆಡಿದರೆ ಇನ್ನೊಂದಿಷ್ಟು. ರಾತ್ರಿಗೊಂದು ಅಧ್ಯಾಯ ಆರಾಮಾಗಿ ಆಗುತ್ತದೆ.

ಈಗ ಕಾಂಬೋ ವಿಷಯ. ಬಾಯಿಪಾಠ ಮಾಡಬೇಡಿ. ಸೋಮಾರಿತನಕ್ಕೆ ಹೇಳ್ತಿಲ್ಲ, ಆ ಗೇಮ್ ಇರುವುದೇ ಹಾಗೆ. ಪ್ರತಿ ಅಧ್ಯಾಯಕ್ಕೂ ಹೀರೋ ಬದಲಾಗುತ್ತಾನೆ. ಇವತ್ತು ಬ್ಯಾಟ್‌ಮ್ಯಾನ್ ಕೈ ಹತ್ತಿತು ಅನ್ನುವಷ್ಟರಲ್ಲಿ ಹಾರ್ಲಿ ಕ್ವಿನ್ ಬರುತ್ತಾಳೆ. ಕೆಲವು ಅಧ್ಯಾಯಗಳಲ್ಲಿ ಇಬ್ಬರನ್ನು ಕೊಟ್ಟು ಒಬ್ಬರನ್ನು ಆರಿಸು ಅನ್ನುತ್ತದೆ: ಗ್ರೀನ್ ಆರೋ ಅಥವಾ ಬ್ಲ್ಯಾಕ್ ಕ್ಯಾನರಿ, ಸೈಬಾರ್ಗ್ ಅಥವಾ ಕ್ಯಾಟ್‌ವುಮನ್. ನಿನ್ನೆ ಕಲಿತ ಕಾಂಬೋ ಇವತ್ತು ಕೆಲಸಕ್ಕೆ ಬರಲ್ಲ. ಅದಕ್ಕೇ ಎಲ್ಲ ಹೀರೋಗಳಿಗೂ ಒಂದೇ ಥರ ಇರುವುದನ್ನು ಮಾತ್ರ ಕಲಿಯಿರಿ.

ಅದರಲ್ಲಿ ಮೊದಲನೆಯದು ಬ್ಲಾಕ್, ಅಂದರೆ ಏಟು ತಡೆಯುವುದು. ಇದಕ್ಕೆ ಬೇರೆ ಬಟನ್ ಇಲ್ಲ. ಎದುರಾಳಿಯಿಂದ ದೂರ ಹೋಗುವ ದಿಕ್ಕಿಗೆ ಒತ್ತಿ ಹಿಡಿದರೆ ಅದೇ ಬ್ಲಾಕ್. ಕಾಲಿಗೆ ಹೊಡೆದರೆ ಕೆಳಗೆ ಮತ್ತು ಹಿಂದೆ ಒಟ್ಟಿಗೆ ಒತ್ತಬೇಕು. ಮಾರ್ಟಲ್ ಕಾಂಬ್ಯಾಟ್ ಆಡಿ ಬಂದವರು ಬ್ಲಾಕ್ ಬಟನ್ ಹುಡುಕುತ್ತಾ ಪೆಟ್ಟು ತಿನ್ನುತ್ತಾರೆ. ನಿಮಗೆ ಆ ಅಭ್ಯಾಸ ಇಲ್ಲದಿರುವುದು ಒಳ್ಳೆಯದೇ ಆಯಿತು. ಕಂಪ್ಯೂಟರ್ ಮೈಮೇಲೆ ಬಿದ್ದಾಗ ಬಟನ್ ಕುಟ್ಟಬೇಡಿ. ಹಿಂದಕ್ಕೆ ಒತ್ತಿ ಸುಮ್ನೆ ನಿಲ್ಲಿ. ಅವನ ಏಟು ಮುಗಿಯಲಿ. ಆಮೇಲೆ ನಿಮ್ಮದು.

ಎರಡನೆಯದು, ಇಲ್ಲಿ ರೌಂಡ್ ಅಂತ ಇಲ್ಲ. ಒಬ್ಬೊಬ್ಬರಿಗೂ ಎರಡು ಹೆಲ್ತ್ ಬಾರ್. ಒಂದು ಖಾಲಿ ಆದರೂ ಎದುರಿನವನ ಆರೋಗ್ಯ ಮತ್ತೆ ತುಂಬಲ್ಲ, ಇದ್ದಲ್ಲಿಂದಲೇ ಮುಂದುವರಿಯುತ್ತದೆ. ಹಾಗಾಗಿ ಮೊದಲು ಹಿಂದೆ ಬಿದ್ದರೂ ನೀವು ಕೊಟ್ಟ ಏಟು ವ್ಯರ್ಥ ಆಗಲ್ಲ.

ಮೂರನೆಯದು ಕೆಳಗಡೆ ತುಂಬುವ ಮೀಟರ್. ನಾಲ್ಕು ಭಾಗ ಇರುತ್ತದೆ. ಪೂರ್ತಿ ತುಂಬಿದ ಮೇಲೆ ಎಲ್2, ಆರ್2 ಒಟ್ಟಿಗೆ ಒತ್ತಿದರೆ ಸೂಪರ್ ಮೂವ್. ಎಲ್ಲ ಹೀರೋಗಳಿಗೂ ಇದೇ ಎರಡು ಬಟನ್. ತಾಕಿತು ಅಂದರೆ ದೊಡ್ಡ ಪೆಟ್ಟು. ಎದುರಾಳಿ ಬ್ಲಾಕ್ ಮಾಡಿದರೆ ನಾಲ್ಕೂ ಭಾಗ ಹೋಯಿತು. ಅವನು ಏನೋ ಹೊಡೆಯಲು ಹೋಗಿ ತಪ್ಪಿದಾಗ ಬಿಡಿ. ಫ್ಲ್ಯಾಷ್‌ನ ಸೂಪರ್ ಮೂವ್ ಒಮ್ಮೆಯಾದರೂ ನೋಡಿ: ಎದುರಾಳಿಯನ್ನು ಎಳೆದುಕೊಂಡು ಕಾಲದಲ್ಲಿ ಹಿಂದಕ್ಕೆ ಓಡುತ್ತಾನೆ, ಈಜಿಪ್ಟ್‌ನ ಸ್ಫಿಂಕ್ಸ್‌ಗೆ ಹೊಡೆಸುತ್ತಾನೆ, ಡೈನೋಸಾರ್‌ಗೂ ಹೊಡೆಸುತ್ತಾನೆ. ನಿಮ್ಮ ಮಗ ಇನ್ನೊಮ್ಮೆ ಅನ್ನದಿದ್ದರೆ ಕೇಳಿ.

ಇದರ ಜೊತೆಗೆ ಆರ್1. ಹಿನ್ನೆಲೆಯಲ್ಲಿ ಕಾರು, ಡ್ರಮ್ಮು ಏನಾದರೂ ಇದ್ದರೆ ಅದನ್ನು ಬಳಸುವ ಬಟನ್. ಸೂಪರ್‌ಮ್ಯಾನ್ ಥರದ ಬಲಶಾಲಿ ಎತ್ತಿ ಎಸೆಯುತ್ತಾನೆ, ಚುರುಕಿನವರು ಅದರ ಮೇಲಿಂದ ಹಾರುತ್ತಾರೆ. ಎಲ್1 ಹಿಡಿದು ಎಸೆಯುವುದಕ್ಕೆ. ಎದುರಾಳಿ ಬ್ಲಾಕ್ ಮಾಡಿಕೊಂಡೇ ಕೂತರೆ ಹತ್ತಿರ ಹೋಗಿ ಎಲ್1 ಒತ್ತಿ.

ಹೊಸ ಹೀರೋ ಬಂದ ಕೂಡಲೇ ಆಟ ನಿಲ್ಲಿಸಿ ಮೂವ್ ಲಿಸ್ಟ್ ತೆರೆಯಿರಿ. ದೂರದಿಂದ ಹೊಡೆಯುವುದು ಒಂದು, ಮುನ್ನುಗ್ಗುವುದು ಒಂದು, ಎರಡೇ ಆರಿಸಿಕೊಳ್ಳಿ. ಉಳಿದದ್ದು ಬಿಟ್ಟುಬಿಡಿ. ವೃತ್ತದ ಬಟನ್ ಒಬ್ಬೊಬ್ಬರ ವಿಶೇಷ ಶಕ್ತಿಗೆ. ಬ್ಯಾಟ್‌ಮ್ಯಾನ್‌ಗೆ ಸುತ್ತ ಯಂತ್ರದ ಬಾವಲಿಗಳು ಬರುತ್ತವೆ. ಅದನ್ನು ಕಾದಿರಿಸಬೇಡಿ, ಸಿಕ್ಕಾಗಲೆಲ್ಲ ಒತ್ತಿ.

ವಿಜಯನಗರದಿಂದ, ಕೇಳಿದವರೇ

ತುಂಬ ಥ್ಯಾಂಕ್ಸ್. ಬ್ಲಾಕ್ ಮಾಡಿದರೆ ನಿಜಕ್ಕೂ ಕೆಲಸ ಆಗುತ್ತೆ! ಆದರೆ ಹೊಡೆದಾಟದ ಮಧ್ಯೆ ಒಮ್ಮೊಮ್ಮೆ ಎಲ್ಲ ನಿಂತು ಇಬ್ಬರೂ ಬೈದಾಡಿಕೊಳ್ಳುತ್ತಾರೆ, ನಂಬರ್ ಕೇಳುತ್ತದೆ. ಅದೇನು?

ಜೆ.ಪಿ. ನಗರದಿಂದ

ಅದು ಕ್ಲ್ಯಾಶ್. ಒಂದು ಬಗೆಯ ಹರಾಜು. ಇಬ್ಬರೂ ತಮ್ಮ ಮೀಟರ್‌ನಲ್ಲಿ ಎಷ್ಟು ಭಾಗ ಪಣಕ್ಕಿಡುತ್ತೀರಿ ಅಂತ ಗುಟ್ಟಾಗಿ ಹೇಳಬೇಕು, ಜಾಸ್ತಿ ಇಟ್ಟವರು ಗೆದ್ದರು. ಎರಡನೆಯ ಹೆಲ್ತ್ ಬಾರ್‌ಗೆ ಇಳಿದವರು ಒಂದು ಪಂದ್ಯದಲ್ಲಿ ಒಮ್ಮೆ ಇದನ್ನು ಶುರು ಮಾಡಬಹುದು. ಶುರು ಮಾಡಿದವರು ಗೆದ್ದರೆ ಆರೋಗ್ಯ ಸ್ವಲ್ಪ ವಾಪಸ್. ಇನ್ನೊಬ್ಬರು ಗೆದ್ದರೆ ಪೆಟ್ಟು ಬೀಳುತ್ತದೆ. ಮೀಟರ್ ತುಂಬಿದ್ದರೆ ಪೂರ್ತಿ ಇಡಿ. ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬೈಗುಳ ಕೇಳಿ ಖುಷಿಪಡಿ. ಆ ಜೋಡಿಗೆ ತಕ್ಕ ಹಾಗೆ ಮಾತು ಬರೆದಿದ್ದಾರೆ.

ಅಂದ ಹಾಗೆ ಬ್ಯಾಟ್‌ಮ್ಯಾನ್‌ನ ದನಿ ಕೆವಿನ್ ಕಾನ್‌ರಾಯ್ ಅವರದು. ತೊಂಬತ್ತರ ದಶಕದ ಕಾರ್ಟೂನ್ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. 2022ರಲ್ಲಿ ತೀರಿಕೊಂಡರು. ದೃಶ್ಯಗಳನ್ನು ಸ್ಕಿಪ್ ಮಾಡಬೇಡಿ ಅನ್ನುವುದಕ್ಕೆ ನನಗಂತೂ ಅದೊಂದೇ ಕಾರಣ ಸಾಕು.

ರಾಜಾಜಿನಗರದಿಂದ

ಮಗನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲೂ ಅದೇ ವಯಸ್ಸಿನವಳು ಇದ್ದಾಳೆ.

ಡಬ್ಬಿ ಮೇಲೆ ನೋಡಿ. ಅಮೆರಿಕದ ರೇಟಿಂಗ್‌ನಲ್ಲಿ ಇದು ಟಿ, ಅಂದರೆ 13 ದಾಟಿದವರಿಗೆ. ಯುರೋಪಿನ ರೇಟಿಂಗ್‌ನಲ್ಲಿ 16. ಮಾರ್ಟಲ್ ಕಾಂಬ್ಯಾಟ್ ಥರ ಕೈಕಾಲು ಕಿತ್ತು ಬರಲ್ಲ. ಆದರೂ ಮೊದಲ ಅಧ್ಯಾಯದಲ್ಲೇ ರಾಬಿನ್ ಒಬ್ಬ ಕೈದಿಯ ಕತ್ತು ಕೊಯ್ಯುತ್ತಾನೆ. ಎರಡನೆಯದರಲ್ಲಿ ಸ್ಕೇರ್‌ಕ್ರೋ ಬರುತ್ತಾನೆ, ಅವನ ಮುಖ ನೋಡಿ ನಮ್ಮವಳು ಎದ್ದು ಅಡುಗೆಮನೆಗೆ ಹೋದಳು. ನಾನು ಮಾಡಿದ್ದು ಇಷ್ಟು: ಕಥೆ ಅವಳು ಮಲಗಿದ ಮೇಲೆ. ಸಂಜೆ ಇಬ್ಬರೂ ಸೇರಿ ಎದುರಾಬದುರು ಆಡುವುದು, ಕಥೆ ಇಲ್ಲದೆ. ಅವಳಿಗೆ ಸೂಪರ್‌ಗರ್ಲ್ ಬಿಟ್ಟರೆ ಬೇರೆ ಯಾರೂ ಬೇಡ. ಅಜ್ಜಿ ಸೋಫಾದಲ್ಲಿ ಕೂತು, "ಇಬ್ಬರೂ ಒಳ್ಳೆಯವರಲ್ವೇನೇ, ಯಾಕೆ ಹೊಡ್ಕೋತಾರೆ" ಅಂತ ಕೇಳುತ್ತಾರೆ. ಇಡೀ ಗೇಮಿನ ಪ್ರಶ್ನೆಯೇ ಅದು.

ಬೆಳ್ಳಂದೂರಿನಿಂದ

ಎಲ್ಲರೂ ಕಥೆ ಕಥೆ ಅಂತೀರಾ, ಗೇರ್ ಬಗ್ಗೆ ಯಾರೂ ಹೇಳಲಿಲ್ಲ! ನನಗೆ ಈ ಗೇಮ್ ಅಂದರೆ ಅದೇ. ಗೆದ್ದ ಹಾಗೆಲ್ಲ ಮದರ್ ಬಾಕ್ಸ್ ಸಿಗುತ್ತವೆ. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ ಅಂತ ದರ್ಜೆ. ಒಡೆದರೆ ಒಳಗೆ ಹೀರೋಗಳ ಉಡುಪು. ತಲೆ, ಎದೆ, ಕೈ, ಕಾಲು, ಇನ್ನೊಂದು ಒಡವೆ ಥರದ್ದು, ಒಟ್ಟು ಐದು ಜಾಗ. ಬರೀ ಅಲಂಕಾರ ಅಲ್ಲ, ಹಾಕಿಕೊಂಡರೆ ಬಲ, ರಕ್ಷಣೆ, ಆರೋಗ್ಯ ಎಲ್ಲ ಏರುತ್ತದೆ. ಕಥೆ ಮುಗಿದ ಮೇಲೆ ಮಲ್ಟಿವರ್ಸ್ ಅಂತ ಇದೆ. ಅಲ್ಲಿನ ಪಂದ್ಯಗಳು ಹೊತ್ತಿಗೆ ತಕ್ಕ ಹಾಗೆ ಬದಲಾಗುತ್ತಿರುತ್ತವೆ. ಅಲ್ಲಿ ಗೇರ್ ಇಲ್ಲದೆ ಹೋದರೆ ಚಿಂದಿ. ಬಿಡಬೇಡಿ ಅಕ್ಕ.

ಜೆ.ಪಿ. ನಗರದಿಂದ

ಗುರು, ನಿಮಗೆ ಟೈಮ್ ಇದೆ. ಅವರಿಗೆ ಒಂದು ಗಂಟೆ. ಆ ಗೇರ್ ಪಟ್ಟಿ ಹಬ್ಬದ ಮಾರನೇ ದಿನದ ಫ್ರಿಜ್ ಇದ್ದ ಹಾಗೆ, ಬಾಗಿಲು ತೆಗೆದರೆ ತುಂಬಿರುತ್ತದೆ, ಬೇಕಾದ್ದು ಮಾತ್ರ ಇರಲ್ಲ. ಬಾಕ್ಸ್ ಒಡೆದು, ಅದನ್ನು ಹೋಲಿಸಿ, ಇದನ್ನು ಮಾರಿ, ಅಷ್ಟರಲ್ಲಿ ನಿದ್ದೆ ಬರುತ್ತದೆ. ಕಥೆ ಮುಗಿಯುವ ತನಕ ಬಾಕ್ಸ್‌ಗಳು ಹಾಗೇ ಇರಲಿ, ಎಲ್ಲೂ ಓಡಿಹೋಗಲ್ಲ.

ಮಲ್ಟಿವರ್ಸ್‌ನಲ್ಲಿ ನನಗೆ ಇಷ್ಟವಾದದ್ದು ಬ್ಯಾಟಲ್ ಸಿಮ್ಯುಲೇಟರ್. ಒಬ್ಬರನ್ನು ಆರಿಸಿಕೊಂಡು ಒಬ್ಬರಾದ ಮೇಲೊಬ್ಬರನ್ನು ಸೋಲಿಸುತ್ತಾ ಹೋದರೆ ಕೊನೆಗೆ ಆ ಪಾತ್ರದ್ದೇ ಒಂದು ಪುಟ್ಟ ಮುಕ್ತಾಯ ತೋರಿಸುತ್ತಾರೆ. ಒಂದು ರಾತ್ರಿಗೆ ಅದು ಸರಿಯಾದ ಅಳತೆ.

ಚಾಮರಾಜಪೇಟೆಯಿಂದ

ಕೈ ನೋವು ಬರದ ಹಾಗೆ ನೋಡಿಕೊಳ್ಳಿ. ಸ್ಟಿಕ್ ಬಿಟ್ಟು ಎಡಗಡೆ ಇರುವ ನಾಲ್ಕು ಬಾಣದ ಬಟನ್ ಬಳಸಿ. ಕೆಳಗೆ-ಮುಂದೆ, ಹಿಂದೆ-ಮುಂದೆ ಅಂತ ಒತ್ತುವ ಮೂವ್‌ಗಳು ಅದರಲ್ಲಿ ಸರಿಯಾಗಿ ಬರುತ್ತವೆ. ಹಳೇ ಕಂಟ್ರೋಲರ್ ಆದರೆ ಸ್ಟಿಕ್ ತನ್ನಷ್ಟಕ್ಕೆ ಒಂದು ಕಡೆ ಎಳೆಯುವುದೂ ಉಂಟು. ಆಗ ಹೀರೋ ತಾನೇ ನಡೆದು ಹೋಗಿ ಏಟು ತಿನ್ನುತ್ತಾನೆ, ನೀವು ನಿಮ್ಮನ್ನೇ ಬೈದುಕೊಳ್ಳುತ್ತೀರಿ. ಮಗನಿಗೆ ಎರಡನೇ ಕಂಟ್ರೋಲರ್ ಬೇಕು ಅಂದರೆ ಎಸ್.ಪಿ. ರಸ್ತೆ ಅಥವಾ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಒಮ್ಮೆ ಸುತ್ತಿ. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಹಾಕಿಸಿ ಎಲ್ಲ ಬಟನ್ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ. ಭಾನುವಾರ ಹೋಗಬೇಡಿ, ಎಸ್.ಪಿ. ರಸ್ತೆಯಲ್ಲಿ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ. ಮೆಜೆಸ್ಟಿಕ್ ತನಕ ಮೆಟ್ರೋದಲ್ಲಿ ಬನ್ನಿ, ಪಾರ್ಕಿಂಗ್ ಹುಡುಕುವ ಗೋಳು ಬೇಡ.

ಕರೆಂಟ್ ಹೋಗುವ ಏರಿಯಾ ಆದರೆ ಆಡಿದ್ದು ಉಳಿದಿರಲಿ ಅಂತ ಪ್ರತಿ ಅಧ್ಯಾಯ ಮುಗಿದಾಗ ಒಮ್ಮೆ ಮೆನುಗೆ ಹೋಗಿ ಬನ್ನಿ. ಯುಪಿಎಸ್‌ಗೆ ಬರೀ ಫ್ಯಾನ್, ಲೈಟ್ ಕೊಟ್ಟಿರುವ ಮನೆಗಳೇ ಜಾಸ್ತಿ ಅಲ್ವಾ.

ಬನಶಂಕರಿಯಿಂದ

ಫೋನಿನಲ್ಲೂ ಇದೇ ಹೆಸರಿನ ಗೇಮ್ ಇದೆ. ಯಾರಾದರೂ ಅದನ್ನು ಹಾಕಿಕೊಂಡರೆ ಸಾಕು ಅಂದರೆ ನಂಬಬೇಡಿ. ಅದು ಬೆರಳಲ್ಲಿ ತಟ್ಟಿ, ಎಳೆದು ಆಡುವ ಮೂವರ ತಂಡದ ಆಟ. ಬಸ್ಸಲ್ಲಿ ಪರವಾಗಿಲ್ಲ. ಈ ಕಥೆಯ ಸಿನಿಮಾ ಅಲ್ಲಿ ಸಿಗಲ್ಲ.

ಡಿಸಿ (ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ರ ಕಾಮಿಕ್ಸ್ ಕಂಪನಿ) ಬೇಡ, ಮಾರ್ವೆಲ್ ಬೇಕು ಅನ್ನುವವರು ಇದ್ದರೆ ಕ್ಯಾಪ್‌ಕಾಮ್‌ನವರು 2024ರಲ್ಲಿ ಹಳೇ ಆರ್ಕೇಡ್ ಆಟಗಳನ್ನು ಒಟ್ಟಿಗೆ ಕಟ್ಟಿ ಬಿಟ್ಟಿದ್ದಾರೆ. ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಅದರೊಳಗೇ ಇದೆ. ಒಂದೇ ಬಟನ್ನಿಗೆ ಸ್ಪೆಷಲ್ ಮೂವ್ ಬರುವ ಸೌಲಭ್ಯ ಕೊಟ್ಟಿದ್ದಾರೆ, ನಮ್ಮಂಥವರಿಗೆ ವರ. ಆದರೆ ಅಲ್ಲಿ ಹೇಳಿಕೊಳ್ಳುವಂಥ ಕಥೆ ಇಲ್ಲ. ನಿಮಗೆ ಕಥೆ ಬೇಕು ಅಂದ ಮೇಲೆ ತಮ್ಮ ಬಿಟ್ಟುಹೋದ ಡಿಸ್ಕೇ ಸರಿ.

ವಿಜಯನಗರದಿಂದ, ಕೇಳಿದವರೇ

ಅರ್ಧ ದಾಟಿದೆ. ಎಲ್ಲರಿಗೂ ವಂದನೆ. ಡೆಡ್‌ಶಾಟ್ ಅನ್ನುವವನು ದೂರದಿಂದ ಗುಂಡು ಹೊಡೆದೇ ಸಾಯಿಸುತ್ತಾನೆ, ಅವನಿಗೆ ಏನು ಮಾಡುವುದು? ಕೊನೆಯಲ್ಲಿ ಏನೋ ಆಯ್ಕೆ ಇದೆ ಅಂತ ತಮ್ಮ ಹೇಳಿದ. ತಪ್ಪು ಆರಿಸಿದರೆ ಮತ್ತೆ ಮೊದಲಿಂದ ಆಡಬೇಕಾ?

ಜೆ.ಪಿ. ನಗರದಿಂದ

ಡೆಡ್‌ಶಾಟ್ ದೂರ ಇದ್ದಷ್ಟೂ ಹುಲಿ. ಹಾರುತ್ತಾ ಹೋಗಬೇಡಿ, ಗಾಳಿಯಲ್ಲೇ ಹೊಡೆಯುತ್ತಾನೆ. ಬ್ಲಾಕ್, ಎರಡು ಹೆಜ್ಜೆ ಮುಂದೆ, ಮತ್ತೆ ಬ್ಲಾಕ್. ಹತ್ತಿರ ಸಿಕ್ಕ ಮೇಲೆ ಬಿಡಬೇಡಿ, ಎಲ್1 ಒತ್ತಿ ಎಸೆಯಿರಿ, ಗೋಡೆ ಮೂಲೆಗೆ ತಳ್ಳಿ ಅಲ್ಲೇ ಇಟ್ಟುಕೊಳ್ಳಿ. ಬ್ರೇನಿಯಾಕ್ ಬೇರೆ ಥರ. ಅವನ ಬೆನ್ನಿಂದ ಬರುವ ಯಂತ್ರದ ತೋಳುಗಳು ಉದ್ದ, ನೀವು ದೂರ ಇದ್ದೇನೆ ಅಂದುಕೊಂಡ ಕಡೆಗೇ ಬಂದು ತಾಕುತ್ತವೆ. ಅವನ ಎದುರಿಗೂ ಮೈಗೆ ಅಂಟಿಕೊಂಡೇ ಆಡಿ, ಮೀಟರ್ ಉಳಿಸಿಕೊಂಡು ಹೋಗಿ.

ಆಯ್ಕೆ ಬರುವುದು 12ನೇ ಅಧ್ಯಾಯದಲ್ಲಿ. ಬ್ಯಾಟ್‌ಮ್ಯಾನ್ ಕಡೆಯೋ ಸೂಪರ್‌ಮ್ಯಾನ್ ಕಡೆಯೋ ಅಂತ ಕೇಳುತ್ತದೆ, ಮುಕ್ತಾಯ ಎರಡು ಥರ. ಮೊದಲಿಂದ ಆಡಬೇಕಾಗಿಲ್ಲ. ಮುಗಿದ ಮೇಲೆ ಅಧ್ಯಾಯಗಳ ಪಟ್ಟಿಗೆ ಹೋಗಿ ಕೊನೆಯದನ್ನು ಮಾತ್ರ ತೆರೆದು ಇನ್ನೊಂದು ಆರಿಸಿ. ಮೊದಲು ಬ್ಯಾಟ್‌ಮ್ಯಾನ್, ಆಮೇಲೆ ಸೂಪರ್‌ಮ್ಯಾನ್ ಮಾಡಿ ಅನ್ನುತ್ತೇನೆ. ಸೂಪರ್‌ಮ್ಯಾನ್‌ನದ್ದು ಕಹಿ, ಅದನ್ನು ಮಗ ಮಲಗಿದ ಮೇಲೆಯೇ ನೋಡಿ.