ಲೂಪ್ ಇಂಟಿಗ್ರಲ್‌ಗೆ ಡಿಫರೆನ್ಷಿಯಲ್ ಈಕ್ವೇಷನ್: ಎಲ್ಲಿಂದ ಶುರು ಮಾಡಲಿ?

ತುಮಕೂರಿನಿಂದ ಪ್ರಶ್ನೆ:
ಪಿಎಚ್‌ಡಿಗೆ ಈಗಷ್ಟೇ ಸೇರಿದ್ದೇನೆ. ಎರಡು ಲೂಪ್‌ನ ಇಂಟಿಗ್ರಲ್‌ಗಳನ್ನು (ಕಣಭೌತಶಾಸ್ತ್ರದ ಫೈನ್‌ಮನ್ ಚಿತ್ರದಲ್ಲಿ ಮುಚ್ಚಿದ ಉಂಗುರಗಳಿದ್ದಾಗ ಬರುವವು) ಡಿಫರೆನ್ಷಿಯಲ್ ಈಕ್ವೇಷನ್ ಮೂಲಕ ಮಾಡಿ ಎಂದು ಗೈಡ್ ಹೇಳಿದ್ದಾರೆ. ನನಗೆ ಫೈನ್‌ಮನ್ ಪ್ಯಾರಾಮೀಟರ್ (ಛೇದಗಳನ್ನು ಒಂದಾಗಿಸಿ ನೇರವಾಗಿ ಇಂಟಿಗ್ರೇಟ್ ಮಾಡುವುದು) ಬಿಟ್ಟು ಬೇರೆ ದಾರಿ ಗೊತ್ತಿಲ್ಲ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ, ಮನೆಯಲ್ಲಿರುವುದು ಸಾಧಾರಣ ಲ್ಯಾಪ್‌ಟಾಪ್. ಮಾಡಿದವರು ಯಾರಾದರೂ ಹೇಳಿ.

ತಿಪಟೂರಿನಿಂದ:
ಎರಡು ಲೂಪ್‌ಗೆ ಈಗಲೇ ಕೈ ಹಾಕಬೇಡಿ. ಒಂದು ಲೂಪ್‌ನ ಬಬಲ್ (ಎರಡು ಗೆರೆಗಳ ಉಂಗುರ) ತಗೊಳ್ಳಿ, ಎರಡೂ ಪ್ರಾಪಗೇಟರ್‌ಗೆ (ಪ್ರತಿ ಗೆರೆಗೆ ಬರುವ ಪದ) ಒಂದೇ ಮಾಸ್ ಎಂ ಇರಲಿ, ಪೂರ್ತಿ ಕೈಯಲ್ಲೇ ಮಾಡಿ. ಇಂಟಿಗ್ರೇಷನ್ ಬೈ ಪಾರ್ಟ್ಸ್ ಸಂಬಂಧಗಳನ್ನು (1981ರಲ್ಲಿ ಚೆಟಿರ್ಕಿನ್ ಮತ್ತು ಟ್ಕಾಚೋವ್ ಕೊಟ್ಟಿದ್ದು) ಬರೆದರೆ ಆ ಫ್ಯಾಮಿಲಿಯ ಇಂಟಿಗ್ರಲ್‌ಗಳೆಲ್ಲ ಟ್ಯಾಡ್‌ಪೋಲ್ (ಒಂದೇ ಗೆರೆಯ ಉಂಗುರ), ಬಬಲ್ ಎಂಬ ಎರಡೇ ಮಾಸ್ಟರ್‌ಗಳಿಗೆ, ಅಂದರೆ ಮೂಲ ಇಂಟಿಗ್ರಲ್‌ಗಳಿಗೆ, ಇಳಿಯುತ್ತವೆ. ಬಬಲನ್ನು ಎಸ್‌ (ಹೊರಗಿನ ಮೊಮೆಂಟಮ್‌ನ ವರ್ಗ) ಮೇಲೆ ಡಿಫರೆನ್ಷಿಯೇಟ್ ಮಾಡಿದರೆ ಬರುವುದೂ ಅದೇ ಫ್ಯಾಮಿಲಿಯವು, ಅವನ್ನೂ ಇಳಿಸಿದರೆ ಈಕ್ವೇಷನ್ ಸಿಕ್ಕಿತು.

ಆಮೇಲೆ 2013ರಲ್ಲಿ ಹೆನ್ ಹೇಳಿದ ಕ್ಯಾನೊನಿಕಲ್ ರೂಪಕ್ಕೆ ಬನ್ನಿ, ಅಂದರೆ ಬಲಗಡೆ ಎಪ್ಸಿಲಾನ್ (ಆಯಾಮವನ್ನು 4−2ಎಪ್ಸಿಲಾನ್ ಎಂದು ಬರೆದಾಗಿನದು) ಒಂದು ಗುಣಕವಾಗಿ ಹೊರಗೆ ಬರಬೇಕು. ಒಂದು ಪ್ರಾಪಗೇಟರ್ ವರ್ಗವಾಗಿರುವ ಬಬಲನ್ನು ಎಪ್ಸಿಲಾನ್‌ನಿಂದ, ಜೊತೆಗೆ ಎಸ್(ಎಸ್−4ಎಂ²) ಇದರ ವರ್ಗಮೂಲದಿಂದ ಗುಣಿಸಿ. ಎಸ್ = −ಎಂ²(1−ಎಕ್ಸ್)²/ಎಕ್ಸ್ ಎಂದು ಬದಲಿಸಿದರೆ ವರ್ಗಮೂಲ ಮಾಯ, ಈಕ್ವೇಷನ್‌ನಲ್ಲಿ ಉಳಿಯುವುದು ಎಕ್ಸ್ ಮತ್ತು 1+ಎಕ್ಸ್‌ನ ಲಾಗ್ ಮಾತ್ರ.

ಜಾಸ್ತಿ ಹೊತ್ತು ಕೂರಬೇಕಾದ ಜಾಗ ಬೌಂಡರಿ ಕಂಡೀಷನ್, ಅಂದರೆ ಈಕ್ವೇಷನ್ ಬಿಡಿಸಿದಾಗ ಉಳಿಯುವ ಕಾನ್‌ಸ್ಟಂಟ್ ಹುಡುಕುವುದು. ಎಸ್ ಸೊನ್ನೆಯಾದಾಗ ಬಬಲ್ ಸಿಡಿಯುವುದಿಲ್ಲ (ಅನಂತವಾಗುವುದಿಲ್ಲ), ಆದರೆ ಮುಂದಿರುವ ವರ್ಗಮೂಲ ಸೊನ್ನೆಯಾಗುತ್ತದೆ, ಹಾಗಾಗಿ ಎಕ್ಸ್=1ರಲ್ಲಿ ನಿಮ್ಮ ಫಂಕ್ಷನ್ ಸೊನ್ನೆಯೇ. ಬಬಲನ್ನು ನೇರವಾಗಿ ಒಂದು ಸಲವೂ ಇಂಟಿಗ್ರೇಟ್ ಮಾಡದೆ ಕಾನ್‌ಸ್ಟಂಟ್ ಸಿಕ್ಕಿತು ಅಲ್ವಾ! ಈ ವಿಧಾನದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಎರಡು ಲೂಪ್‌ನಲ್ಲೂ ಎಲ್ಲಿ ಏನು ಸಿಡಿಯಬಾರದು ಎಂದು ಮೊದಲು ಹುಡುಕಿ.

ಶಿರಾದಿಂದ:
ಮೇಲಿನವರ ಮಾತು ನಿಜ, ಬಬಲ್ ಲೆಕ್ಕಕ್ಕೆ ರೈಲಿನ ಸೀಟು, ಪೆನ್ನು ಸಾಕು. ಎರಡು ಲೂಪ್‌ನ ರಿಡಕ್ಷನ್‌ಗೆ (ಮಾಸ್ಟರ್‌ಗಳಿಗೆ ಇಳಿಸುವುದಕ್ಕೆ) ಮಾತ್ರ ಕೀರಾ ಅಥವಾ ಫೈರ್ ಎಂಬ ಪ್ರೋಗ್ರಾಂ ಬೇಕಾಗುತ್ತದೆ. ರ್‍ಯಾಮ್ ತುಂಬಾ ತಿನ್ನುತ್ತವೆ, ಲ್ಯಾಪ್‌ಟಾಪ್ ನಂಬಬೇಡಿ, ಸಂಜೆ ಹೊರಡುವ ಮೊದಲು ಸರ್ವರ್‌ನಲ್ಲಿ ರನ್ ಬಿಟ್ಟು ಬನ್ನಿ. ಒಂದು ಮಾಸನ್ನು 1 ಎಂದು ಇಟ್ಟುಬಿಡಿ, ಒಂದು ವೇರಿಯಬಲ್ ಕಡಿಮೆಯಾದರೂ ಕೆಲಸ ಎಷ್ಟೋ ಹಗುರ. ಸಿಕ್ಕ ಪ್ರತಿ ಮಾಸ್ಟರನ್ನೂ ಎಸ್ ನೆಗೆಟಿವ್ ಇರುವ ಕಡೆ ಪೈಸೆಕ್‌ಡೆಕ್ (ಇಂಟಿಗ್ರಲ್‌ನ ಬೆಲೆಯನ್ನು ನಂಬರಿನಲ್ಲೇ ಕೊಡುವ ಪ್ರೋಗ್ರಾಂ) ಕೊಡುವ ನಂಬರ್ ಜೊತೆ ತಾಳೆ ನೋಡದೆ ಮುಂದೆ ಹೋಗಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ನನಗೆ ಕೊಟ್ಟಿರುವುದು ಸನ್‌ರೈಸ್ (ಎರಡು ತುದಿಗಳನ್ನು ಮೂರು ಗೆರೆ ಜೋಡಿಸುವ ಎರಡು ಲೂಪ್‌ನ ಚಿತ್ರ), ಅದಕ್ಕೂ ಇದೇ ನಡೆಯುತ್ತದಾ?

ತಿಪಟೂರಿನಿಂದ:
ಮೂರೂ ಗೆರೆಗೆ ಮಾಸ್ ಇದ್ದರೆ ಪಾಲಿಲಾಗರಿದಮ್‌ನಲ್ಲಿ (ಲಾಗ್‌ನ ವಿಸ್ತರಿಸಿದ ರೂಪ) ಮುಗಿಯುವುದಿಲ್ಲ, ಇನ್ನೂ ಜಟಿಲವಾದ ಎಲಿಪ್ಟಿಕ್ ಇಂಟಿಗ್ರಲ್ ಬರುತ್ತವೆ. ಈಕ್ವೇಷನ್ ಕಟ್ಟುವ ರೀತಿ ಅದೇ, ಬಿಡಿಸುವುದು ಕಷ್ಟ. ನಂಬರ್ ಸಾಕಾದರೆ ಸೀರೀಸ್ ಹಾಕಿ ಬಿಡಿಸಬಹುದು, ಅದಕ್ಕೆ ಎಎಂಫ್ಲೋ ಎಂಬ ಪ್ರೋಗ್ರಾಂ ಇದೆ, ಆದರೆ ಅದಕ್ಕೆ ಮ್ಯಾಥಮೆಟಿಕಾ ಸಾಫ್ಟ್‌ವೇರ್ ಬೇಕು. ಯಾವ ಗೆರೆಗೆ ಮಾಸ್, ಫಾರ್ಮುಲಾ ಬೇಕಾ ನಂಬರಾ ಎಂದು ನಾಳೆಯೇ ಗೈಡ್ ಹತ್ತಿರ ಕೇಳಿಕೊಂಡು ಇಲ್ಲಿ ಬರೆಯಿರಿ.