ನಾಲ್ಕರಲ್ಲೂ 79 ಬಂದರೂ ಯಾಕೆ ಸಾಲಲಿಲ್ಲ?

ಅಕ್ಕಾ, ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 79 ಮುಟ್ಟಿದರೂ ಆಸ್ಟ್ರೇಲಿಯಾದ ಪಾಯಿಂಟ್ ಲೆಕ್ಕದ ವೀಸಾಕ್ಕೆ ಪೂರ್ತಿ ಪಾಯಿಂಟ್ ಇಲ್ಲ ಅಂತ ಏಜೆಂಟ್ ಹೇಳಿದ, ಇದು ಮೋಸವೇ ಅಂತ ಕೇಳಿದ್ದೀರಿ. ಏಜೆಂಟ್ ನಿಮ್ಮ ತಮ್ಮನಿಗೆ ಟೋಪಿ ಹಾಕುತ್ತಿಲ್ಲ, ಅವನು ಹೇಳಿದ್ದು ಸರಿ. ನಿಮ್ಮ ತಮ್ಮ ಪಿಟಿಇ ಬರೆದದ್ದು ಸೆಪ್ಟೆಂಬರ್‌ನಲ್ಲಿ. ಆಸ್ಟ್ರೇಲಿಯಾ ವೀಸಾದ ಲೆಕ್ಕ 2025ರ ಆಗಸ್ಟ್ 7ಕ್ಕೇ ಬದಲಾಗಿತ್ತು. ಅದಕ್ಕೂ ಮೊದಲು ನಾಲ್ಕರಲ್ಲೂ 79 ಮುಟ್ಟಿದರೆ ‘ಸುಪೀರಿಯರ್’, 20 ಪಾಯಿಂಟ್. ಈಗ ಒಂದೊಂದಕ್ಕೂ ಬೇರೆ ಗೆರೆ: ಲಿಸನಿಂಗ್‌ಗೆ 69, ರೀಡಿಂಗ್‌ಗೆ 70, ರೈಟಿಂಗ್‌ಗೆ 85, ಸ್ಪೀಕಿಂಗ್‌ಗೆ 88. ಅವನ ಸ್ಪೀಕಿಂಗ್ 81. ಹಾಗಾಗಿ ಒಂದು ಮೆಟ್ಟಿಲು ಕೆಳಗಿನ ‘ಪ್ರೊಫಿಶಿಯೆಂಟ್’ಗೆ ಇಳಿದ, ಸಿಕ್ಕಿದ್ದು 10.

ಪರೀಕ್ಷೆ ಕಷ್ಟ ಮಾಡಿಬಿಟ್ಟರು ಅಂತ ಬೈಯುವವರು ಒಮ್ಮೆ ಕೂಡಿ ನೋಡಿ. ಹಳೆಯ ನಾಲ್ಕು 79 ಸೇರಿದರೆ 316, ಹೊಸದು 312. ಅದಕ್ಕೂ ಕೆಳಗಿನ ‘ಕಾಂಪಿಟೆಂಟ್’ ಮಟ್ಟದಲ್ಲಿ ಈಗ 47, 48, 51, 54. ಹಿಂದೆ ನಾಲ್ಕಕ್ಕೂ 50. ಎರಡೂ ಸರಿಯಾಗಿ 200! ಈ ಎರಡು ಮಟ್ಟದಲ್ಲಿ ಒಟ್ಟು ಭಾರ ಹೆಚ್ಚಿಲ್ಲ, ಕಿವಿ-ಕಣ್ಣಿನ ಮೇಲಿದ್ದದ್ದು ಕೈ-ನಾಲಿಗೆಯ ಮೇಲೆ ಬಂದು ಕೂತಿದೆ. ಆದರೆ ಪೂರ್ಣ ಅಂಕವೇ 90 ಇರುವಲ್ಲಿ 88 ಕೇಳುವುದು ಸಣ್ಣ ಮಾತಲ್ಲ, ಅದನ್ನು ಒಪ್ಪುತ್ತೇನೆ.

ಇಷ್ಟು ದಿನ ಸ್ಪೀಕಿಂಗ್‌ನಲ್ಲಿ ಏನು ನಡೆಯುತ್ತಿತ್ತು ಅಂತ ನಮಗೆಲ್ಲ ಒಳಗೊಳಗೇ ಗೊತ್ತು. ವರ್ಣಿಸಲು ಕೊಟ್ಟ ಚಿತ್ರ ಯಾವುದೇ ಇರಲಿ, ಬಾಯಿಪಾಠ ಮಾಡಿದ ಅದೇ ನಾಲ್ಕು ವಾಕ್ಯವನ್ನು ಉಸಿರು ಕಟ್ಟಿ ಮೈಕಿಗೆ ಒಪ್ಪಿಸುವುದು. ನಾನೂ ಹಾಗೇ ಪಾಸಾದವನು, ಮುಚ್ಚಿಡುವುದೇನಿದೆ! ಈಗ ಕೆಲವು ಉತ್ತರಗಳನ್ನು ಕಂಪ್ಯೂಟರ್ ಜೊತೆ ಮನುಷ್ಯರೂ ನೋಡುತ್ತಾರೆ. ಸನ್ನಿವೇಶ ಕೊಟ್ಟು ಮಾತಾಡಿಸುವ, ಮೂವರ ಚರ್ಚೆ ಕೇಳಿಸಿ ಸಾರ ಹೇಳಿಸುವ ಪ್ರಶ್ನೆಗಳೂ ಸೇರಿವೆ. ಆದ್ದರಿಂದ ನಿಮ್ಮ ತಮ್ಮ ಬಾಯಿಪಾಠದ ಹಳೆಯ ಟೆಂಪ್ಲೇಟ್ ಹಿಡಿದು ಮತ್ತೆ ಫೀಸು ಕಟ್ಟುವುದು ಬೇಡ. ಐಇಎಲ್‌ಟಿಎಸ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಲ್ಲಿ ‘ಸುಪೀರಿಯರ್’ ಗೆರೆ ಕದಲಿಲ್ಲ, ನಾಲ್ಕರಲ್ಲೂ 8 ಬೇಕು; ಬರವಣಿಗೆ ಚೆನ್ನಾಗಿದ್ದರೆ ಅದನ್ನೂ ಯೋಚಿಸಲಿ. ಆಗಸ್ಟ್ 7ಕ್ಕೆ ಮುಂಚೆ ಬರೆದ ಪಿಟಿಇ ಯಾರ ಹತ್ತಿರವಾದರೂ ಇದ್ದರೆ ಗಾಬರಿಯಾಗಬೇಡಿ, ಅದಕ್ಕೆ ಹಳೆಯ ಗೆರೆಯೇ. ಅಂಕ ನಡೆಯುವ ಮೂರು ವರ್ಷದ ಅವಧಿ ಮಾತ್ರ ನೋಡಿಕೊಳ್ಳಿ.

ಇನ್ನೊಂದು ದಾರಿ ಇದೆ, ನಮ್ಮವರು ಯಾಕೋ ಮರೆಯುತ್ತಾರೆ: ಅನುವಾದಕರಿಗೆ ಮಾನ್ಯತೆ ಕೊಡುವ ಆಸ್ಟ್ರೇಲಿಯಾದ ಸಂಸ್ಥೆ ನಾಟಿ (NAATI) ನಡೆಸುವ ಸಿಸಿಎಲ್ ಎಂಬ ಭಾಷಾ ಪರೀಕ್ಷೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಎರಡು ಸಂಭಾಷಣೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. 90ಕ್ಕೆ 63 ಬಂದರೆ, ಒಂದೊಂದರಲ್ಲೂ 45ಕ್ಕೆ 29 ಇದ್ದರೆ, 5 ಪಾಯಿಂಟ್. ಸುಲಭ ಅಂದುಕೊಂಡು ಹೋಗಬೇಡಿ. ಮನೆಯಲ್ಲಿ ನಾವು ಆಡುವುದು ‘ಇನ್ಶೂರೆನ್ಸ್ ರಿನ್ಯೂ ಮಾಡ್ಸು’ ಕನ್ನಡ. ಅಡಮಾನ, ಜಾಮೀನು, ಪರಿಹಾರಧನ ಇವೆಲ್ಲ ಆ ಕ್ಷಣಕ್ಕೆ ನಾಲಿಗೆಗೆ ಬರಬೇಕಲ್ಲ.

ನನ್ನ ಹೆಂಡತಿ ಇದಕ್ಕೆ ತಯಾರಾಗುತ್ತಿದ್ದಾಗ ಇಂಗ್ಲಿಷ್ ಸಾಲುಗಳನ್ನು ಓದುತ್ತಿದ್ದವಳು ಒಂಬತ್ತು ವರ್ಷದ ಮಗಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಮೂರನೇ ವಾರ ಅಮ್ಮ ತಡವರಿಸಿದಾಗ ತಾನೇ ‘ಜಾಮೀನು’ ಅಂದಳು. ಅರ್ಥ ಗೊತ್ತಾ ಅಂತ ಕೇಳಿದೆ. “ನೋ ಪಪ್ಪಾ, ಅಮ್ಮ ದಿನಾ ಅದೇ ಮರೀತಾಳೆ” ಅಂದಳು.