‘ಅಲರ್ಟ್’ ಎಂಬುದಕ್ಕೆ ‘ಎಚ್ಚರಿಕೆ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಹಾಸನದಲ್ಲಿದ್ದುಕೊಂಡು, ಸಕಲೇಶಪುರ, ಮೂಡಿಗೆರೆ ಮತ್ತು ಚಿಕ್ಕಮಗಳೂರು ಕಡೆಯ ಕೆಲವು ಹೋಮ್‌ಸ್ಟೇ ಹಾಗೂ ಕಾಫಿ ತೋಟಗಳ ಬಗ್ಗೆ ಸಾಮಾಜಿಕ ಜಾಲತಾಣಗಳಲ್ಲಿ ಯಾರು ಏನು ಬರೆಯುತ್ತಿದ್ದಾರೆಂದು ಗಮನಿಸುವ ಸಣ್ಣ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, 2023ರ ಜುಲೈವರೆಗೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್, ಇವುಗಳಲ್ಲಿ ಎಲ್ಲಿಯಾದರೂ ನಮ್ಮವರ ಹೆಸರು ಬಂದರೆ ನಿಗಾ ತಂತ್ರಾಂಶವು ಅದನ್ನು ಹಿಡಿದು, ತಂಡಗಳು ಸಂದೇಶ ಹಂಚಿಕೊಳ್ಳಲು ಬಳಸುವ ಸ್ಲ್ಯಾಕ್ ಎಂಬ ತಂತ್ರಾಂಶದಲ್ಲಿರುವ ನಮ್ಮ ತಂಡದ ಚಾನೆಲ್ಲಿಗೆ ಒಂದು ಸಂದೇಶವಾಗಿ ತಲುಪಿಸುತ್ತದೆ. ಆ ಸಂದೇಶಕ್ಕೆ ಇಂಗ್ಲಿಷಿನವರು ಅಲರ್ಟ್ ಎನ್ನುತ್ತಾರೆ. ತೋಟದ ಲೆಕ್ಕಪತ್ರ, ಆಳುಗಳ ಕೆಲಸ ನೋಡಿಕೊಳ್ಳುವ ರೈಟರುಗಳೂ ಹೋಮ್‌ಸ್ಟೇ ನೋಡಿಕೊಳ್ಳುವ ಹೆಣ್ಣುಮಕ್ಕಳೂ ಅದನ್ನು ಓದಬೇಕಾದ್ದರಿಂದ, ಸಂದೇಶದ ಮಾದರಿಯನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂತು. ಹೆಚ್ಚು ಯೋಚಿಸದೆ, ಎಲ್ಲರೂ ಬಳಸುವ ಪದವೆಂದು ‘ಎಚ್ಚರಿಕೆ’ ಎಂದು ಬರೆದೆ. ಆ ಪದ ತಪ್ಪಾಯಿತೆಂದು ನನಗೀಗ ಅನ್ನಿಸುತ್ತಿದೆ. ಏಕೆ ಹಾಗನ್ನಿಸಿತೆಂಬುದನ್ನು ವಿವರವಾಗಿ ಹೇಳಿ ತಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಕಳೆದ ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲು ನಡೆಯುತ್ತಿದ್ದಾಗ, ಮೂಡಿಗೆರೆ ಹತ್ತಿರದ ಒಂದು ತೋಟದ ರೈಟರರ ಮೊಬೈಲಿಗೆ ಬೆಳಗಿನ ಆರೂವರೆಗೆ ನಮ್ಮ ಸಂದೇಶ ಹೋಯಿತು. ಮೊಬೈಲಿನ ಪರದೆಯ ಮೇಲೆ ಮೊದಲ ಸಾಲಷ್ಟೇ ಕಾಣುತ್ತಿತ್ತು: ‘ಎಚ್ಚರಿಕೆ: ಮೂಡಿಗೆರೆ ತೋಟ, 1 ಪತ್ತೆಯಾಗಿದೆ.’ ಅವರು ಅದನ್ನು ಒಂಟಿ ಸಲಗ ತೋಟಕ್ಕಿಳಿದಿದೆ ಎಂದು ಓದಿಕೊಂಡು, ಕೊಯ್ಲಿಗೆ ಹೊರಟಿದ್ದ ಆಳುಗಳನ್ನು ಲೈನ್ ಮನೆಗಳಲ್ಲೇ ನಿಲ್ಲಿಸಿ, ಅಕ್ಕಪಕ್ಕದ ತೋಟದವರಿಗೂ ಫೋನು ಮಾಡಿದರು. ಮಂಜು ಕರಗಿ, ಒಬ್ಬರು ಪೂರ್ತಿ ಸಂದೇಶವನ್ನು ತೆರೆದು ಓದುವ ಹೊತ್ತಿಗೆ ಒಂದು ಗಂಟೆಯ ಕೆಲಸ ಹೋಗಿತ್ತು. ಆ ‘ಪತ್ತೆ’ಯಾದದ್ದು ಹಿಂದಿನ ರಾತ್ರಿ ಅಲ್ಲಿ ಉಳಿದುಕೊಂಡಿದ್ದ ಅತಿಥಿಯೊಬ್ಬರು ಕಡುಬಿನ ತಟ್ಟೆಯ ಚಿತ್ರ ಹಾಕಿ ಬರೆದ ನಾಲ್ಕು ಮೆಚ್ಚುಗೆಯ ಮಾತು.

ರೈಟರರದು ತಪ್ಪೆಂದು ನಾನು ಯಾವ ಕಾರಣಕ್ಕೂ ಹೇಳಲಾರೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಮೊಬೈಲಿಗೆ ಬರುವ ‘ಎಚ್ಚರಿಕೆ’ ಎಂದರೆ ಮೊದಲು ನೆನಪಾಗುವುದು ಆನೆಯೇ. 2022ರಲ್ಲಿ ಸರ್ಕಾರವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆನೆ ಕಾರ್ಯಪಡೆ ರಚಿಸಿದ ಮೇಲಂತೂ, ಇಂಥ ಊರಿನ ಬಳಿ ಇಷ್ಟು ಆನೆಗಳಿವೆ, ಆ ದಾರಿಯಲ್ಲಿ ಓಡಾಡಬೇಡಿ ಎಂಬ ಸಂದೇಶಗಳಿಂದಲೇ ಇಲ್ಲಿಯ ಎಷ್ಟೋ ಮಂದಿಯ ದಿನ ಆರಂಭವಾಗುತ್ತದೆ. ಜೀವ ಉಳಿಸುವ ಪದವೊಂದನ್ನು ನಾನು ತಟ್ಟೆಯ ಕಡುಬಿಗೂ ಬಳಸಿದ್ದೆ.

ಪದದ ಅರ್ಥವನ್ನೇ ನೋಡೋಣ. ‘ಎಚ್ಚರ’ ಎಂಬುದರಲ್ಲಿ ಹೆದರಿಕೆಯಿಲ್ಲ. ಎಚ್ಚರವಾಯಿತು ಎಂದರೆ ನಿದ್ದೆ ತಿಳಿಯಿತು ಎಂದರ್ಥ. ಎಚ್ಚರ ತಪ್ಪಿತು ಎಂದರೆ ಪ್ರಜ್ಞೆ ಹೋಯಿತು ಎಂದರ್ಥ. ಎಚ್ಚರದಿಂದಿರು ಎಂದರೆ ಮೈಮರೆಯಬೇಡ ಎಂದರ್ಥ. ಆದರೆ ಅದಕ್ಕೆ ‘ಇಕೆ’ ಸೇರಿ ‘ಎಚ್ಚರಿಕೆ’ ಆದಾಗ ಹೊರಗಿನ ಅಪಾಯವೊಂದು ಅದರ ಬೆನ್ನಿಗೇ ಬರುತ್ತದೆ. ವಿದ್ಯುತ್ ಪರಿವರ್ತಕದ ಮೇಲೆ, ಶಿರಾಡಿ ಮತ್ತು ಚಾರ್ಮಾಡಿ ಘಾಟಿಗಳ ತಿರುವಿನ ಹಲಗೆಗಳ ಮೇಲೆ ನಾವು ಆ ಪದವನ್ನು ನೋಡಿದ್ದೇವೆ. ಪತ್ರಿಕೆಗಳಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೆದರಿಕೆಯ ಅರ್ಥವನ್ನೂ ಪಡೆದಿದೆ. ‘ಬೆಳೆಗಾರರಿಂದ ಉಗ್ರ ಹೋರಾಟದ ಎಚ್ಚರಿಕೆ’ ಎಂಬಂಥ ತಲೆಬರಹವನ್ನು ಓದದವರಿಲ್ಲ. ಹೀಗಿರುವಾಗ ‘ಅತಿಥಿಯಿಂದ ಎಚ್ಚರಿಕೆ’ ಎಂದು ಬರೆದರೆ ಅತಿಥಿ ನಮ್ಮನ್ನು ಬೆದರಿಸಿದ ಹಾಗೆಯೇ ಕೇಳಿಸುತ್ತದೆ.

ಇಂಗ್ಲಿಷಿನ ಅಲರ್ಟ್ ಕೂಡ ಹುಟ್ಟಿನಿಂದ ಸೌಮ್ಯವಾದ ಪದವೇನಲ್ಲ. ಅದರ ಮೂಲ ಇಟಾಲಿಯನ್ ಭಾಷೆಯ ‘ಆಲ್ ಎರ್ತಾ’ ಎಂಬ ಮಾತು. ಎತ್ತರದಲ್ಲಿ ನಿಂತು ಕಾವಲಿರುವುದು ಎಂಬುದು ಅದರ ಭಾವ. ನಮ್ಮ ರಾಗಿ ಹೊಲಗಳ ಅಟ್ಟಣೆ ನನಗೆ ಇದನ್ನು ಓದಿದಾಗಲೆಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಇಂಗ್ಲಿಷಿನಲ್ಲಿ ಆ ಪದ ಸವೆದು ಸವೆದು, ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶಕ್ಕೂ ಸಲ್ಲುವಷ್ಟು ತಣ್ಣಗಾಗಿದೆ. ನಮ್ಮ ‘ಎಚ್ಚರಿಕೆ’ ಇನ್ನೂ ಹಾಗೆ ಸವೆದಿಲ್ಲ. ಸವೆಯಬಾರದೆಂದೇ ನನ್ನ ಆಸೆ. ದಿನಕ್ಕೆ ನಲವತ್ತು ಸಲ ಕಾರಣವಿಲ್ಲದೆ ಆ ಪದ ಕಂಡರೆ ನಲವತ್ತೊಂದನೆಯದನ್ನು ಯಾರೂ ತೆರೆದು ನೋಡುವುದಿಲ್ಲ, ಮತ್ತು ನಿಜವಾಗಿ ನೋಡಬೇಕಾಗಿದ್ದದ್ದು ಅದೇ ಆಗಿರಬಹುದು.

ಇಷ್ಟೊಂದು ಸಂದೇಶಗಳು ಬರುವುದಕ್ಕೆ ನಮ್ಮ ಭಾಷೆಯ ಸ್ವಭಾವವೂ ಒಂದು ಕಾರಣವೆಂಬುದನ್ನು ಇಲ್ಲಿ ಹೇಳಲೇಬೇಕು. ತಂತ್ರಾಂಶಕ್ಕೆ ನಾವು ಕೊಟ್ಟ ಹುಡುಕುಪದಗಳಲ್ಲಿ ‘ಹಾಸನ’ ಒಂದು. ಅಕ್ಷರಗಳ ಸಾಲು ಪದದ ನಡುವೆ ಬಂದರೂ ಹಿಡಿಯುವಂತೆ ಅದನ್ನು ಹೊಂದಿಸಿದ್ದೆವು. ದಸರೆಯ ವಾರ ಮೈಸೂರು ಅರಮನೆಯ ಚಿನ್ನದ ಸಿಂಹಾಸನದ ಬಗ್ಗೆ ಬರೆದವರ ಬರಹಗಳೆಲ್ಲ ‘ಎಚ್ಚರಿಕೆ: ಹಾಸನ’ ಎಂದು ನಮ್ಮ ಚಾನೆಲ್ಲಿನಲ್ಲಿ ಬಂದು ಬಿದ್ದವು, ಸಿಂಹಾಸನದೊಳಗೆ ಹಾಸನ ಅಡಗಿರುವುದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದನ್ನು ತಪ್ಪಿಸಲು ಪೂರ್ಣ ಪದವನ್ನಷ್ಟೇ ಹುಡುಕು ಎಂದು ಬದಲಿಸಿದರೆ, ‘ಚಿಕ್ಕಮಗಳೂರು’ ಸಿಗುತ್ತದೆ, ‘ಚಿಕ್ಕಮಗಳೂರಿನಲ್ಲಿ’, ‘ಚಿಕ್ಕಮಗಳೂರಿಗೆ’ ಕೈತಪ್ಪುತ್ತವೆ. ವಿಭಕ್ತಿ ಪ್ರತ್ಯಯ ಹತ್ತಿದೊಡನೆ ಕೊನೆಯ ಉಕಾರ ಬಿದ್ದುಹೋಗುವುದರಿಂದ ಯಂತ್ರದ ಕಣ್ಣಿಗೆ ಅದು ಬೇರೆಯೇ ಪದ. ಕೊನೆಗೆ ‘ಚಿಕ್ಕಮಗಳೂರ’ ಎಂಬಲ್ಲಿಗೆ ನಿಲ್ಲಿಸಿ, ಅದರಿಂದ ಆರಂಭವಾಗುವ ಪದಗಳನ್ನೆಲ್ಲ ಹಿಡಿ ಎಂದು ಹೇಳಿದ ಮೇಲೆ ಸರಿಹೋಯಿತು. ಹಾಸನಕ್ಕೂ ಇದೇ ನಿಯಮ ಒಗ್ಗಿತು, ಆದರೆ ‘ಹಾಸನಾಂಬ’ ಮಾತ್ರ ಇಂದಿಗೂ ಅದರೊಳಗೇ ಬರುತ್ತಾಳೆ.

ಇನ್ನು ‘ಎಚ್ಚರಿಕೆ’ಯ ಬದಲಿಗೆ ಏನೆನ್ನಬೇಕೆಂಬ ಪ್ರಶ್ನೆ. ‘ಅಧಿಸೂಚನೆ’ ಎಂಬುದನ್ನು ಕೆಲವು ಮೊಬೈಲುಗಳ ಕನ್ನಡದಲ್ಲಿ ನೋಡಿದ್ದೇನೆ, ಅದು ನನಗೆ ಒಪ್ಪಿಗೆಯಾಗಿಲ್ಲ. ಅಧಿಸೂಚನೆ ಎಂದರೆ ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸುವಂಥದು, ಚುನಾವಣೆಗೆ ಮೊದಲು ಹೊರಡುವಂಥದು. ಅದಕ್ಕೆ ಕಾನೂನಿನ ಬಲವಿದೆ. ‘ಸೂಚನೆ’ ಹಗುರವಾದ ಪದವೇನೋ ಹೌದು, ಆದರೆ ‘ಜಿಲ್ಲಾಧಿಕಾರಿಗಳು ಸೂಚನೆ ನೀಡಿದರು’ ಎಂದಾಗ ಅದು ಆಜ್ಞೆಯೇ ಆಗಿಬಿಡುತ್ತದೆ. ನಾವು ಯಾರಿಗೂ ಆಜ್ಞೆ ಮಾಡುತ್ತಿಲ್ಲ. ‘ಮುನ್ಸೂಚನೆ’ ನಡೆಯುವ ಮೊದಲು ಬರುವಂಥದು, ನಮ್ಮದು ನಡೆದ ಮೇಲೆ ಬರುತ್ತದೆ. ‘ಸುಳಿವು’ ಎಂಬುದರ ಮೇಲೆ ನನಗೆ ಸ್ವಲ್ಪ ದಿನ ಮನಸ್ಸಿತ್ತು, ಆದರೆ ಪೊಲೀಸರು ಕಳ್ಳನ ಸುಳಿವು ಹಿಡಿದ ಹಾಗೆ, ಬರೆದವನ ಮೇಲೆಯೇ ಅನುಮಾನ ಬರುವಂತೆ ಅದು ಧ್ವನಿಸುತ್ತದೆ.

‘ಅಲರ್ಟ್’ ಎಂದೇ ಉಳಿಸಿಕೊಳ್ಳೋಣವೆಂದು ತಂಡದ ಕಿರಿಯರು ಹೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ‘ಚಾನೆಲ್’, ‘ಲಿಂಕ್’ಗಳನ್ನು ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ. ಆದರೆ ಮಲೆನಾಡಿನಲ್ಲಿ ಅಲರ್ಟ್ ಎಂಬುದನ್ನು ಮಳೆ ಈಗಾಗಲೇ ತನ್ನದಾಗಿಸಿಕೊಂಡಿದೆ. ಹವಾಮಾನ ಇಲಾಖೆಯ ಕ್ರಮದಲ್ಲಿ ಹಳದಿ ಬಣ್ಣ ಗಮನವಿಡಲಿಕ್ಕೆ, ಕಿತ್ತಳೆ ಸಿದ್ಧರಾಗಿರಲಿಕ್ಕೆ, ಕೆಂಪು ಕೂಡಲೇ ಕ್ರಮ ಕೈಗೊಳ್ಳಲಿಕ್ಕೆ. ಅಲರ್ಟ್ ಎಂಬ ಪದ ಅಲ್ಲಿ ನಿಜವಾಗಿ ಸಲ್ಲುವುದು ನಡುವಿನ ಕಿತ್ತಳೆಗೆ. ಜನರ ಬಾಯಲ್ಲಿ ಮೂರಕ್ಕೂ ಅದೇ ಹೆಸರು ನಿಂತು, 24 ಗಂಟೆಗಳಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ ಸುರಿಯುವ ‘ರೆಡ್ ಅಲರ್ಟ್’ ಎಂದರೆ ಶಾಲೆಗೆ ರಜೆ, ಘಾಟಿ ಬಂದ್ ಎಂಬ ಅರ್ಥ ಕುಳಿತಿದೆ. ನಮ್ಮ ತಂತ್ರಾಂಶವೂ ಮೆಚ್ಚುಗೆಗೆ ಹಸಿರು, ದೂರಿಗೆ ಕೆಂಪು ಪಟ್ಟಿ ಹಚ್ಚಿ ಕಳುಹಿಸುವುದರಿಂದ, ಜುಲೈ ತಿಂಗಳಲ್ಲಿ ಕೆಂಪು ಪಟ್ಟಿಯ ಅಲರ್ಟ್ ಎಂದರೆ ಮತ್ತೆ ಅದೇ ಗೊಂದಲ.

ನನಗೆ ಉತ್ತರದ ದಾರಿ ತೋರಿಸಿದವರು ಹೋಮ್‌ಸ್ಟೇ ಒಂದನ್ನು ನಡೆಸುವ, ಕಂಪ್ಯೂಟರಿನ ಪದಗಳ ಗೊಡವೆಗೇ ಹೋಗದ ಹಿರಿಯ ಮಹಿಳೆಯೊಬ್ಬರು. ಅವರು ಫೋನು ಮಾಡಿದಾಗಲೆಲ್ಲ ಕೇಳುವುದು, ‘ಇವತ್ತು ನಮ್ಮ ಸುದ್ದಿ ಏನಾದ್ರೂ ಬಂತೇನಪ್ಪಾ?’ ಎಂದು. ಈ ‘ಸುದ್ದಿ’ ಪತ್ರಿಕೆಯ ಸುದ್ದಿಯಲ್ಲ. ಒಬ್ಬರ ಸುದ್ದಿ ಎತ್ತುವುದು, ಒಬ್ಬರ ಸುದ್ದಿಗೆ ಹೋಗದಿರುವುದು ಎನ್ನುತ್ತೇವಲ್ಲ, ಆ ಸುದ್ದಿ. ಅಂದರೆ ನಾಲ್ಕು ಜನರ ಮಾತಿನ ನಡುವೆ ನಮ್ಮ ಹೆಸರು ಬರುವುದು. ಇಂಗ್ಲಿಷಿನ ‘ಮೆನ್ಷನ್’ ಎಂಬುದಕ್ಕೆ ನಾನು ‘ಉಲ್ಲೇಖ’ ಎಂದು ಬರೆದಿದ್ದೆ; ಉಲ್ಲೇಖ ಶಾಸನಕ್ಕೂ ಗ್ರಂಥಕ್ಕೂ ಹೊಂದುತ್ತದೆ, ಇನ್‌ಸ್ಟಾಗ್ರಾಂ ಚಿತ್ರದ ಕೆಳಗಿನ ಮಾತಿಗೆ ‘ಸುದ್ದಿ’ಯೇ ಹತ್ತಿರ. ಆದ್ದರಿಂದ ಸಾಮಾನ್ಯ ಸಂದೇಶಗಳಿಗೆ ‘ನಿಮ್ಮ ಸುದ್ದಿ ಬಂದಿದೆ’ ಎಂದೂ, ಅದೇ ದಿನ ಉತ್ತರಿಸಬೇಕಾದ ದೂರುಗಳಿಗೆ ರೈಲು ನಿಲ್ದಾಣದ ‘ಪ್ರಯಾಣಿಕರ ಗಮನಕ್ಕೆ’ ಎಂಬ ಧಾಟಿಯಲ್ಲಿ ‘ತಮ್ಮ ಗಮನಕ್ಕೆ’ ಎಂದೂ ಬರೆದು, ‘ಎಚ್ಚರಿಕೆ’ಯನ್ನು ಆಹಾರದಿಂದ ಕಾಯಿಲೆಯಾಯಿತೆಂಬ ದೂರು, ಸುಳ್ಳು ಖಾತೆಯಿಂದ ಮುಂಗಡ ಹಣ ಕೇಳುವವರು, ಇಂಥ ಎರಡು ಮೂರು ಸಂದರ್ಭಗಳಿಗೆ ಮಾತ್ರ ಕಾದಿರಿಸಬೇಕೆಂದುಕೊಂಡಿದ್ದೇನೆ. ಎಲ್ಲರ ಮೊಬೈಲೂ ಒಟ್ಟಿಗೆ ಸದ್ದು ಮಾಡುವಂತೆ ಚಾನೆಲ್ಲಿಗೆಲ್ಲ ಕೂಗಿ ಹೇಳುವ ಸೌಲಭ್ಯವನ್ನೂ ಈ ಕೊನೆಯದಕ್ಕಷ್ಟೇ ಬಳಸುವುದು. ಸುದ್ದಿಗಳನ್ನು ಬಂದ ಹಾಗೆ ಬಿಡಿಬಿಡಿಯಾಗಿ ಕಳುಹಿಸದೆ ಸಂಜೆಗೊಮ್ಮೆ ಕಟ್ಟು ಮಾಡಿ ಕಳುಹಿಸಿದರೆ ಸಾಕು.

ತೊಡಕು ಉಳಿದಿರುವುದು ಒಂದೇ ಕಡೆ. ‘ಗಮನಕ್ಕೆ’ ಎಂಬುದು ಚತುರ್ಥಿಯ ರೂಪ, ಅದನ್ನು ಎಣಿಸಲು ಬರುವುದಿಲ್ಲ. ‘ಇಂದು ಮೂರು ಸುದ್ದಿ, ಒಂದು ಎಚ್ಚರಿಕೆ’ ಎನ್ನಬಹುದು. ಇವೆರಡರ ನಡುವಿನ ದರ್ಜೆಯದನ್ನು ಎಷ್ಟೆಂದು ಹೇಳಲು ನಾಮಪದವೇ ಇಲ್ಲ. ಈ ಎಲ್ಲ ದರ್ಜೆಗಳನ್ನು ಒಳಗೊಂಡು ‘ಅಲರ್ಟ್ ಕಳುಹಿಸುವ ವ್ಯವಸ್ಥೆ’ ಎಂದು ಒಟ್ಟಾಗಿ ಹೇಳಬೇಕಾದಾಗಲೂ ಪದ ಸಿಗುತ್ತಿಲ್ಲ.

ಜೊತೆಗೆ ಇನ್ನೊಂದು ಸಣ್ಣ ವಿಷಯ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ಗುಟ್ಟಿನ ವಿಳಾಸಕ್ಕೆ ‘ವೆಬ್‌ಹುಕ್’ ಎಂಬ ಹೆಸರು 2007ರಿಂದ ಚಾಲ್ತಿಯಲ್ಲಿದೆ. ಅದನ್ನು ‘ಜಾಲಕೊಕ್ಕೆ’ ಎಂದು ಕರೆಯೋಣವೆಂಬ ಸಲಹೆ ಬಂದಿದೆ. ಕೊಂಬೆ ಬಾಗಿಸುವ ಕೊಕ್ಕೆ ತೋಟದವರಿಗೆ ಚೆನ್ನಾಗಿ ಗೊತ್ತಿರುವ ವಸ್ತುವೇ. ಆದರೆ ಕಚೇರಿಯ ಕನ್ನಡದಲ್ಲಿ ಕೊಕ್ಕೆ ಹಾಕುವುದು ಎಂದರೆ ಕಡತವನ್ನು ತಡೆದು ನಿಲ್ಲಿಸುವುದು. ಸಂದೇಶವನ್ನು ಮುಂದೆ ಕಳುಹಿಸುವ ವ್ಯವಸ್ಥೆಗೆ ತಡೆಯುವ ಹೆಸರು ಬೇಡವೆಂದು ನಾನು ‘ವೆಬ್‌ಹುಕ್’ ಎಂದೇ ಉಳಿಸಿದ್ದೇನೆ.

ಬಳಗದಲ್ಲಿ ನನ್ನ ಬೇಡಿಕೆ ಇಷ್ಟು. ರಾಗಿ, ಭತ್ತದ ಗದ್ದೆಗಳಲ್ಲಿ ರಾತ್ರಿ ಕಾವಲಿದ್ದವರು ಅಟ್ಟಣೆಯಿಂದ ಪಕ್ಕದ ಹೊಲದವರಿಗೆ ಕೂಗಿ ತಿಳಿಸುವುದನ್ನು, ಹೆದರಿಸುವುದಕ್ಕಲ್ಲದೆ ‘ಇಲ್ಲೊಂದು ನೋಡಿ’ ಎಂದು ತಿಳಿಸುವುದಕ್ಕಷ್ಟೇ ಹಾಕುತ್ತಿದ್ದ ಆ ಕೂಗನ್ನು, ಹಾಸನ, ಚಿಕ್ಕಮಗಳೂರು ಕಡೆಯ ಹಿರಿಯರು ಯಾವ ಹೆಸರಿನಿಂದ ಕರೆಯುತ್ತಿದ್ದರು? ಅದಕ್ಕೊಂದು ನಾಮಪದ ಇನ್ನೂ ಬಳಕೆಯಲ್ಲಿದ್ದರೆ, ಅದನ್ನು ಬಳಸಿದ ಒಂದೆರಡು ವಾಕ್ಯಗಳ ಸಮೇತ ದಯವಿಟ್ಟು ತಿಳಿಸಬೇಕು. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ; ಆ ದಿನಗಳಲ್ಲಿ ನಮಗೆ ಬರುವ ಸಂದೇಶಗಳು ಹಲವು ಪಟ್ಟು ಹೆಚ್ಚುವುದರಿಂದ, ಅಷ್ಟರೊಳಗೆ ಮಾದರಿಯನ್ನು ತಿದ್ದಿ ಮುಗಿಸಬೇಕಾಗಿದೆ.